ಐದು ಬೇಡ, ಮೂರು ಸಾಕು

500 ಡಾಲರ್ ಕೈಯಲ್ಲಿಟ್ಟುಕೊಂಡು ಹೋಂ ಥಿಯೇಟರ್ ಮಾಡ್ತೀನಿ ಅಂತ ಹೊರಡೋ ನಮ್ಮ ಹುಡುಗರಿಗೆ ನನ್ನ ಸಲಹೆ ಒಂದೇ. ಐದು ಸ್ಪೀಕರ್ ತಗೋಬೇಡಿ, ಮೂರು ತಗೊಳ್ಳಿ. ಸಬ್‌ವೂಫರ್ ವಿಷಯ ಆಮೇಲೆ ನೋಡೋಣ. ಆಫೀಸಲ್ಲಿ ಊಟದ ಹೊತ್ತಿಗೆ ಇದನ್ನ ಹೇಳಿದಾಗಲೆಲ್ಲ ಜಗಳ ಗ್ಯಾರಂಟಿ. "ಮೂರು ಸ್ಪೀಕರ್ ಇಟ್ಕೊಂಡು ಅದನ್ನ ಥಿಯೇಟರ್ ಅಂತ ಕರೀತೀಯೇನೋ?" ಅಂತಾರೆ. ಕರೀತೀನಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ಮೊದಲು ಈ ವಾಟ್ ಅನ್ನೋ ಭೂತ ಬಿಡಿಸಿಬಿಡೋಣ. ನಾನು ಚಿಕ್ಕವನಿದ್ದಾಗ ಹಾಸನದ ನಮ್ಮ ಮನೇಲಿ ಒಂದು ಮ್ಯೂಸಿಕ್ ಸಿಸ್ಟಂ ಇತ್ತು. ಮುಂದುಗಡೆ ದಪ್ಪ ಅಕ್ಷರದಲ್ಲಿ "1000 ವಾಟ್ಸ್ ಪಿಎಂಪಿಓ" ಅನ್ನೋ ಸ್ಟಿಕರ್. ಹಿಂದುಗಡೆ, ಕರೆಂಟ್ ವೈರ್ ಒಳಗೆ ಹೋಗೋ ಜಾಗದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ 30 ವಾಟ್ ಅಂತ ಬರೆದಿತ್ತು. ಗೋಡೆಯಿಂದ 30 ವಾಟ್ ಹೀರಿ 1000 ವಾಟ್ ಹೊರಗೆ ಬಿಡೋ ಯಂತ್ರ! ಅಂಥದ್ದು ನಿಜವಾಗ್ಲೂ ಇದ್ದಿದ್ರೆ ಶರಾವತಿಗೆ ಅಣೆಕಟ್ಟು ಕಟ್ಟೋ ಕೆಲಸಾನೇ ಇರ್ತಿರ್ಲಿಲ್ಲ :-) ಪಿಎಂಪಿಓ ಅನ್ನೋದನ್ನ ಹೀಗೇ ಅಳೀಬೇಕು ಅಂತ ಯಾವ ನಿಯಮವೂ ಇರಲಿಲ್ಲ, ಬಾಯಿಗೆ ಬಂದ ಸಂಖ್ಯೆ ಅಷ್ಟೆ. ಇಲ್ಲಿ ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್ ವಾಟ್ ಹೇಗೆ ಹೇಳಬೇಕು ಅಂತ ನಿಯಮ ಮಾಡಿತ್ತು, 2024ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿತು. ಆದ್ರೂ ರಿಸೀವರ್ ಡಬ್ಬದ ಮೇಲಿನ ಸಣ್ಣ ಅಕ್ಷರ ಓದೋ ಅಭ್ಯಾಸ ಇಟ್ಕೊಳ್ಳಿ. ಅದರಲ್ಲೂ ಹಳೇ ಮಾಡೆಲ್‌ಗಳಲ್ಲಿ ಒಂದೇ ಚಾನೆಲ್ ಓಡಿಸಿ, 1 ಕಿಲೋಹರ್ಟ್ಜ್ ಒಂದೇ ಸ್ವರ ಹಾಕಿ, 10% ಡಿಸ್ಟಾರ್ಷನ್ ಬರೋವರೆಗೂ ಹಿಂಡಿ ತೆಗೆದ ವಾಟ್‌ಗಳು ಬೇಕಾದಷ್ಟಿವೆ.

ಅಸಲಿಗೆ ನಮಗೆ ಬೇಕಾಗಿರೋ ವಾಟ್ ತುಂಬಾ ಕಮ್ಮಿ. ಸ್ಪೀಕರ್ ಹಿಂದೆ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತೆ ನೋಡಿ, 85, 87, 90 ಡೆಸಿಬಲ್ ಹೀಗೆ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಅನ್ನೋ ಲೆಕ್ಕ ಅದು. 87ರ ಸ್ಪೀಕರ್‌ಗೆ ಒಂದೇ ಒಂದು ವಾಟ್ ಕೊಟ್ಟು ಸೋಫಾದಲ್ಲಿ ಹತ್ತಡಿ ದೂರ ಕೂತರೂ ಹತ್ತಿರ ಹತ್ತಿರ 80 ಡೆಸಿಬಲ್ ಕೇಳುತ್ತೆ. ಇಬ್ಬರು ಎದುರುಬದುರು ಕೂತು ಮಾತಾಡೋದು 60ರ ಆಸುಪಾಸು. ವಾಟ್ ದುಪ್ಪಟ್ಟು ಮಾಡಿದ್ರೆ ಸಿಗೋದು ಬರೀ 3 ಡೆಸಿಬಲ್. ಅಂದ್ರೆ 50 ವಾಟ್ ರಿಸೀವರ್ ಬಿಟ್ಟು 100 ವಾಟಿಂದು ತಗೊಂಡ್ರೆ ನಿಮ್ಮ ಕಿವಿಗೆ "ಹೌದಾ? ಸ್ವಲ್ಪ ಜಾಸ್ತಿ ಆಯ್ತೇನೋ" ಅನ್ನಿಸೋ ಅಷ್ಟು ವ್ಯತ್ಯಾಸ. ಆ ದುಡ್ಡು ಸ್ಪೀಕರ್‌ಗೆ ಹೋಗಬೇಕಿತ್ತು.

ಈಗ ಮೂರರ ವಿಷಯಕ್ಕೆ ಬರ್ತೀನಿ. ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ನ್ಯೂಜೆರ್ಸಿಗೆ ಬರ್ತಾರೆ. ಇಬ್ಬರಿಗೂ ಕಾರ್ ಓಡಿಸೋಕೆ ಬರಲ್ಲ, ಹೊರಗೆ ಹಿಮ, ನಾವು ಹಗಲೆಲ್ಲ ಕೆಲಸದಲ್ಲಿ. ಅವರ ಪಾಲಿಗೆ ಟೀವಿ ಅನ್ನೋದು ಬರೀ ಟೈಂಪಾಸ್ ಅಲ್ಲ, ಈ ಮನೆಯೊಳಗೆ ಅವರಿಗೆ ಸಿಗೋ ಊರು ಅಂದ್ರೆ ಅದೇ. ನಮ್ಮಪ್ಪನಿಗೆ ಕಿವಿ ಸ್ವಲ್ಪ ಮಂದ. ಪ್ರತಿ ಎರಡು ನಿಮಿಷಕ್ಕೆ "ಏನಂದ್ಲೇ ಅವಳು?" ಅಂತ ಅಮ್ಮನ್ನ ಕೇಳೋದು, ಅಮ್ಮ ಹೇಳೋ ಅಷ್ಟರಲ್ಲಿ ಮುಂದಿನ ಎರಡು ಮಾತು ತಪ್ಪಿಹೋಗೋದು, ಅಮ್ಮ ರೇಗೋದು. ಕೊನೆಗೆ ಅಪ್ಪ "ನೀನು ನೋಡ್ಕೋ ಬಿಡೆ" ಅಂತ ಎದ್ದು ಬಾಲ್ಕನಿಗೆ ಹೋಗೋದು. ಎಷ್ಟು ಮನೆಗಳಲ್ಲಿ ಇದನ್ನ ನೋಡಿದೀನಿ!

ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗೋದು ಎತ್ತರದ ಫ್ರೀಕ್ವೆನ್ಸಿಗಳು. ಮಾತಿನಲ್ಲಿ ಅ, ಆ, ಓ ಥರದ ಸ್ವರಗಳು ತಗ್ಗಿನಲ್ಲಿ, ಜೋರಾಗಿ ಇರುತ್ತವೆ. ಸ, ಶ, ತ, ಕ, ಪ ಥರದ ವ್ಯಂಜನಗಳ ಸುಳಿವೆಲ್ಲ ಮೇಲ್ಗಡೆ, ಅದೂ ಕ್ಷೀಣವಾಗಿ. ಅದಕ್ಕೇ ವಯಸ್ಸಾದವರು "ಸದ್ದು ಕೇಳ್ಸುತ್ತೆ, ಏನು ಹೇಳ್ತಿದಾರೆ ಗೊತ್ತಾಗ್ತಿಲ್ಲ" ಅನ್ನೋದು. ವಾಲ್ಯೂಮ್ ಏರಿಸಿದ್ರೆ ಸ್ವರಗಳು ಇನ್ನಷ್ಟು ಕಿರುಚುತ್ತವೆಯೇ ಹೊರತು ವ್ಯಂಜನ ಅದೇ ಪ್ರಮಾಣದಲ್ಲಿ ಸ್ಪಷ್ಟ ಆಗಲ್ಲ. ಮೇಲಿಂದ ಭಾರೀ ಬೇಸ್ ಸೇರಿದ್ರೆ ಅದು ಇರೋ ಬರೋ ವ್ಯಂಜನಗಳನ್ನೂ ಮುಚ್ಚಿಹಾಕುತ್ತೆ. ಈಗಿನ ತೆಳ್ಳನೆ ಟೀವಿಗಳ ಸ್ಪೀಕರ್ ಬಹುಪಾಲು ನೆಲಕ್ಕೋ ಗೋಡೆಗೋ ಮುಖ ಮಾಡಿಕೊಂಡಿರುತ್ತೆ. ಇನ್ನು ಮಾತು ಸ್ಪಷ್ಟವಾಗಿ ಬರೋದಾದ್ರೂ ಎಲ್ಲಿಂದ?

5.1ರಲ್ಲಿ ಮಾತಿನ ಬಹುಪಾಲು ಬರೋದು ಮಧ್ಯದ ಸೆಂಟರ್ ಸ್ಪೀಕರ್‌ನಿಂದ. 1992ರಲ್ಲಿ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಜೊತೆ ಡಾಲ್ಬಿ ಡಿಜಿಟಲ್ ಥಿಯೇಟರ್‌ಗೆ ಬಂದ ಮೇಲೆ ಎಲ್ಲರಿಗೂ ಹಿಂದಿನಿಂದ ಹಾರೋ ಹೆಲಿಕಾಪ್ಟರ್ ಹುಚ್ಚು ಹಿಡೀತು. ಅಂಗಡಿಯವರು ಡೆಮೋ ಕೊಡೋದೂ ಹೆಲಿಕಾಪ್ಟರ್, ಬಾಂಬು, ಮಳೆ. ಯಾರಾದ್ರೂ ಇಬ್ಬರು ಅಡುಗೆಮನೇಲಿ ಪಿಸುಮಾತಾಡೋ ಸೀನ್ ಹಾಕಿ ಡೆಮೋ ಕೊಟ್ಟಿದ್ದು ನೋಡಿದೀರಾ? ಅಪ್ಪ ಅಮ್ಮ ನೋಡೋದು ಏನು? ಯೂಟ್ಯೂಬ್‌ನಲ್ಲಿ ರಾಜ್‌ಕುಮಾರ್ ಸಿನಿಮಾ. 'ಬಂಗಾರದ ಮನುಷ್ಯ' ಬಂದಿದ್ದು 1972ರಲ್ಲಿ, ಆ ಕಾಲದ ಕನ್ನಡ ಚಿತ್ರಗಳ ಧ್ವನಿ ಮೊನೊ. ಎಡಕ್ಕೂ ಬಲಕ್ಕೂ ಒಂದೇ ಸದ್ದು. ಇದನ್ನ ರಿಸೀವರ್‌ನ ಪ್ರೋಲಾಜಿಕ್ ಅಥವಾ ಡಾಲ್ಬಿ ಸರೌಂಡ್ ಮೋಡಿಗೆ ಹಾಕಿ ನೋಡಿ, ಎರಡೂ ಕಡೆ ಒಂದೇ ಇರೋ ಸದ್ದನ್ನೆಲ್ಲ ಅದು ಸೆಂಟರ್‌ಗೆ ತಳ್ಳುತ್ತೆ. ಐದು ಸ್ಪೀಕರ್ ತಂದು ಗೋಡೆಗೆಲ್ಲ ಮೊಳೆ ಹೊಡೆದು ಕೂತಿದೀರಿ, ಅಣ್ಣಾವ್ರು ಮಾತಾಡ್ತಿರೋದು ಮಾತ್ರ ಒಂದೇ ಡಬ್ಬದೊಳಗಿಂದ! ಆ ಒಂದು ಡಬ್ಬ ಐದರಲ್ಲಿ ಐದನೇ ಒಂದು ಪಾಲು ದುಡ್ಡಿನದ್ದಾದ್ರೆ ಹೇಗೆ?

ಹಾಗಾಗಿ ನನ್ನ ಲೆಕ್ಕ ಹೀಗೆ. ರಿಸೀವರ್ ಸೆಕೆಂಡ್‌ಹ್ಯಾಂಡ್. ಹೊಸ ವಿಡಿಯೋ ಫಾರ್ಮ್ಯಾಟ್ ಬಂದಾಗಲೆಲ್ಲ ಜನ ಒಳ್ಳೊಳ್ಳೇ ರಿಸೀವರ್‌ಗಳನ್ನ ಕ್ರೇಗ್ಸ್‌ಲಿಸ್ಟ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಮೂರು ಕಾಸಿಗೆ ಬಿಡ್ತಾರೆ. ಅದರಲ್ಲಿ 4ಕೆ ಹೋಗಲ್ಲ ಅಂತ. ಹೋಗದಿದ್ರೆ ಬಿಡಿ, ಚಿತ್ರ ನೇರ ಟೀವಿಗೆ ಹೋಗ್ಲಿ, ಟೀವಿಯಿಂದ ಒಂದು ಆಪ್ಟಿಕಲ್ ಕೇಬಲ್ ಎಳೆದ್ರೆ ಡಾಲ್ಬಿ ಡಿಜಿಟಲ್ 5.1 ಸಲೀಸಾಗಿ ಬರುತ್ತೆ. ಅಟ್ಮಾಸ್ ಬರಲ್ಲ. ಚಾವಣಿಯಲ್ಲಿ ಸ್ಪೀಕರ್ ಹಾಕೋಕೆ ಬಾಡಿಗೆ ಮನೆಯವನು ಬಿಡಲ್ವಲ್ಲ, ಅಟ್ಮಾಸ್ ಇಟ್ಕೊಂಡು ಏನ್ಮಾಡ್ತೀರ? ಉಳಿದ ದುಡ್ಡೆಲ್ಲ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಅದೇ ಸರಣಿಯ ಒಂದು ಸೆಂಟರ್‌ಗೆ.

ಯಾವ ಕಂಪನಿ ಅಂತ ಕೇಳ್ತೀರಿ, ಗೊತ್ತು. ಕಮ್ಮಿ ದುಡ್ಡಿಗೆ ಒಳ್ಳೇ ಸ್ಪೀಕರ್ ಸಾಧ್ಯ ಅಂತ ತೋರಿಸಿದವರಲ್ಲಿ ಆಂಡ್ರ್ಯೂ ಜೋನ್ಸ್ ಒಬ್ಬರು. ಹತ್ತಾರು ಸಾವಿರ ಡಾಲರಿನ ಸ್ಪೀಕರ್ ಮಾಡ್ತಿದ್ದ ಮನುಷ್ಯ, 2012ರಲ್ಲಿ ಪಯೋನೀರ್‌ಗೆ ಜೊತೆಗೆ ನೂರಮೂವತ್ತು ಡಾಲರ್ ಆಸುಪಾಸಿನ ಪುಟ್ಟ ಸ್ಪೀಕರ್ ಮಾಡಿಕೊಟ್ಟರು. ಆಮೇಲೆ 2015ರಲ್ಲಿ ಎಲಾಕ್ ಕಂಪನಿಗೆ ಡೆಬ್ಯೂ ಸರಣಿ. ಆ ಹಳೇ ಪಯೋನೀರ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಕಂಡ್ರೆ ಕಣ್ಮುಚ್ಚಿ ತಗೊಳ್ಳಿ ಅಂತ ಹೇಳ್ತಿದ್ದೆ, ಆದ್ರೆ ಕಣ್ಣು ತೆರೆದೇ ತಗೊಳ್ಳಿ. ಯಾವುದೇ ಹಳೇ ಸ್ಪೀಕರ್ ಆಗ್ಲಿ, ಬಲೆ ತೆಗೆದು ಕೋನ್ ಸುತ್ತಲಿನ ಅಂಚು ನೋಡಬೇಕು. ರಬ್ಬರ್ ಆದ್ರೆ ಬಾಳಿಕೆ ಬರುತ್ತೆ. ಫೋಮ್ ಆದ್ರೆ ಹತ್ತು ಹದಿನೈದು ವರ್ಷಕ್ಕೆ ಒಣಗಿದ ಹೋಳಿಗೆ ಥರ ಉದುರೋಕೆ ಶುರು.

ಇನ್ನೊಂದು ಮಾತು. ಪಾರ್ಕಿಂಗ್ ಲಾಟಿನಲ್ಲಿ ಬಿಳೀ ವ್ಯಾನ್ ನಿಲ್ಲಿಸಿ "ಬ್ರದರ್, ಎರಡು ಸಾವಿರದ ಸಿಸ್ಟಂ, ಡೆಲಿವರೀಲಿ ಒಂದು ಎಕ್ಸ್‌ಟ್ರಾ ಬಂದ್ಬಿಟ್ಟಿದೆ, 300ಕ್ಕೆ ತಗೋ" ಅಂದ್ರೆ ನಗುತ್ತಾ ಮುಂದೆ ನಡೀರಿ. ಹಳೇ ಮೋಸ ಅದು, ಹೊಸದಾಗಿ ಬಂದ ದೇಸಿ ಹುಡುಗರು ಈಗಲೂ ಬೀಳ್ತಾರೆ.

ಕೇಳಿ ನೋಡಿ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಸರಿ, ಆದ್ರೆ ಅಂಗಡೀಲಿ ಕೇಳೋದಕ್ಕೂ ಒಂದು ಕ್ರಮ ಇದೆ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ ಅನ್ನೋರು ವರ್ಷಗಟ್ಟಲೆ ಪರದೆಯ ಹಿಂದೆ ಸ್ಪೀಕರ್ ಇಟ್ಟು ಜನಕ್ಕೆ ಕೇಳಿಸಿದರು. ಬ್ರ್ಯಾಂಡ್, ಬೆಲೆ, ಗಾತ್ರ ಯಾವುದೂ ಕಾಣದಿದ್ದಾಗ ಬಹಳಷ್ಟು ಜನ ಒಪ್ಪಿಕೊಂಡಿದ್ದು ಯಾವುದನ್ನೂ ಎತ್ತಿ ಆಡಿಸದೆ ಎಲ್ಲ ಸ್ವರವನ್ನೂ ಸಮನಾಗಿ ನುಡಿಸೋ, ಪಕ್ಕದಲ್ಲಿ ಕೂತವರಿಗೂ ಅದೇ ಬಣ್ಣದ ಸದ್ದು ಕೊಡೋ ಸ್ಪೀಕರ್‌ಗಳನ್ನ. ಎರಡನ್ನ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಬೇಕು, ಯಾಕಂದ್ರೆ ಚೂರು ಜೋರಾಗಿರೋದು ಯಾವಾಗ್ಲೂ "ಚೆನ್ನಾಗಿದೆ" ಅನ್ಸುತ್ತೆ. ಸೇಲ್ಸ್‌ನವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು! ಅವರ ಡೆಮೋ ಬಿಟ್ಟು ನಿಮ್ಮ ಫೋನಿನಿಂದ ನಿಮಗೆ ಬಾಯಿಪಾಠ ಇರೋ ದನಿ ಹಾಕಿ. ನಾನು ಒಂದು ಹಳೇ ಭಾವಗೀತೆ, ಒಂದು ಯಕ್ಷಗಾನದ ಅರ್ಥಗಾರಿಕೆ ಹಾಕ್ತೀನಿ. ತಾಳಮದ್ದಳೆ ಮಾತು ಸ್ಪಷ್ಟವಾಗಿ ಕೇಳಿದ್ರೆ ಆ ಸ್ಪೀಕರ್ ಪಾಸ್. ಹಾಗೇ ಎದ್ದು ಪಕ್ಕಕ್ಕೆ ನಾಲ್ಕು ಹೆಜ್ಜೆ ನಡೆದು ಕೇಳಿ. ಸೆಂಟರ್ ಸ್ಪೀಕರ್‌ಗೆ ಇದು ತುಂಬಾ ಮುಖ್ಯ. ಎರಡು ವೂಫರ್ ನಡುವೆ ಒಂದು ಟ್ವೀಟರ್ ಇಟ್ಟು ಅಡ್ಡ ಮಲಗಿಸಿರೋ ಸೆಂಟರ್‌ಗಳಲ್ಲಿ, ಪಕ್ಕದಲ್ಲಿ ಕೂತವರಿಗೆ ಎರಡು ವೂಫರ್‌ಗಳ ಸದ್ದು ಒಂದನ್ನೊಂದು ಹೊಡೆದುಹಾಕಿ ಮಾತು ಮಸುಕಾಗುತ್ತೆ. ಸೋಫಾದ ನಟ್ಟನಡುವೆ ಒಬ್ಬರೇ ಕೂರೋ ಮನೆಯಾದ್ರೆ ಚಿಂತೆಯಿಲ್ಲ. ನಮ್ಮ ಮನೆಗಳಲ್ಲಿ ಮಧ್ಯದ ಜಾಗ ಮೊಮ್ಮಕ್ಕಳಿಗೆ, ಅಜ್ಜ ಯಾವಾಗ್ಲೂ ಮೂಲೆ ಕುರ್ಚೀಲಿ. ಜಾಗ ಇದ್ರೆ ಎಡಬಲದ್ದೇ ಇನ್ನೊಂದು ಸ್ಪೀಕರ್ ತಂದು ಮಧ್ಯದಲ್ಲಿ ನೆಟ್ಟಗೆ ನಿಲ್ಲಿಸೋದು ಎಲ್ಲಕ್ಕಿಂತ ಒಳ್ಳೇದು.

ತಂದ ಮೇಲೆ ಅದನ್ನ ಟೀವಿ ಸ್ಟ್ಯಾಂಡಿನ ಗೂಡಿನೊಳಗೆ ತುರುಕಬೇಡಿ. ಅಂಚಿಗೆ ಎಳೆದಿಡಿ, ಮುಂದಿನ ಭಾಗದ ಕೆಳಗೆ ಒಂದು ರಬ್ಬರ್ ತುಂಡು ಕೊಟ್ಟು ಮುಖ ಕಿವಿಯ ಕಡೆ ತಿರುಗೋ ಹಾಗೆ ಎತ್ತಿ. ರಿಸೀವರ್ ಮೆನುವಿನಲ್ಲಿ ಸೆಂಟರ್ ಒಂದನ್ನೇ 3 ಡೆಸಿಬಲ್ ಏರಿಸಬಹುದು. ನೈಟ್ ಮೋಡ್ ಅಂತ ಇರುತ್ತೆ, ಅದು ಬಾಂಬು ಇಳಿಸಿ ಪಿಸುಮಾತು ಏರಿಸುತ್ತೆ, ಅಪ್ಪ ಇರೋವಾಗ ಹಗಲೂ ಆನ್ ಇಡಿ. ದುಬಾರಿ ಕೇಬಲ್ ಬೇಡವೇ ಬೇಡ, ಸಣ್ಣ ರೂಮಿಗೆ 16 ಗೇಜ್ ತಾಮ್ರದ ವೈರ್ ಧಾರಾಳ.

ಸಬ್‌ವೂಫರ್? ಇಲ್ಲಿನ ಅಪಾರ್ಟ್‌ಮೆಂಟ್ ಅಂದ್ರೆ ಮರದ ಚೌಕಟ್ಟು, ಜಿಪ್ಸಂ ಹಲಗೆ. ಬೇಸ್ ಅದನ್ನ ದಾಟಿ ಕೆಳಗಿನ ಮನೆಯವರ ಹಾಸಿಗೆಗೆ ಹೋಗುತ್ತೆ. ನಮ್ಮ ಕಾಂಪ್ಲೆಕ್ಸಲ್ಲೇ ಒಬ್ಬ ಗೆಳೆಯನಿಗೆ ಲೀಸಿಂಗ್ ಆಫೀಸಿಂದ ಎರಡು ಸಲ ಕಾಗದ ಬಂದಿದೆ, ಪಾಪ, ಹನ್ನೆರಡು ಇಂಚಿನ ಸಬ್ ಈಗ ಹೂಕುಂಡದ ಸ್ಟ್ಯಾಂಡ್. ಸಾಲದ್ದಕ್ಕೆ 14 ಅಡಿ ಉದ್ದದ ರೂಮಿನಲ್ಲಿ 40 ಹರ್ಟ್ಜ್ ಅಲೆಯ ಅರ್ಧ ಭಾಗ ಸರಿಯಾಗಿ ಹಿಡಿಸುತ್ತೆ. ಗೋಡೆ ಪಕ್ಕ ಕೂತವರಿಗೆ ಗುಂಯ್ ಅನ್ನುತ್ತೆ, ನಡುವೆ ಕೂತವರಿಗೆ ಬೇಸೇ ಇಲ್ಲ. ಸ್ವಂತ ಮನೆ ಆದಾಗ ತಗೊಳ್ಳಿ.

ಮೂರು ಸ್ಪೀಕರ್ ಪಕ್ಷದ ಪರವಾಗಿ ಇನ್ನೊಂದು ವಾದ, ವಾಪಸ್ ಹೋಗೋ ಯೋಚನೆ ಇರೋರಿಗೆ. (ನಮ್ಮಲ್ಲಿ ಆ ಯೋಚನೆ ಇಲ್ಲದವರು ಯಾರು, ವರ್ಷಕ್ಕೊಂದು ಸಲ ಆದ್ರೂ?) ಇಲ್ಲಿಯ ರಿಸೀವರ್‌ಗಳು ಸಾಮಾನ್ಯವಾಗಿ 120 ವೋಲ್ಟಿಗೆ ಮಾತ್ರ ಮಾಡಿದ್ದು, ಊರಿನ 230ಕ್ಕೆ ಹಾಕಿದ್ರೆ ಹೊಗೆ. ಅದನ್ನ ಇಲ್ಲೇ ಮಾರಿ ಬನ್ನಿ, ಹೇಗೂ ಕೊಂಡಿದ್ದೇ ನೂರಕ್ಕೆ. ಸ್ಪೀಕರ್‌ಗೆ ಪ್ಲಗ್ಗೇ ಇಲ್ಲ, ಅದಕ್ಕೆ ಯಾವ ದೇಶವಾದ್ರೇನು. ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ನಾಲ್ಕೈದು ಕೆಜಿ ತೂಗಬಹುದು. ಸುತ್ತಲೂ ಹಳೇ ಸ್ವೆಟರ್ ಸುತ್ತಿದ್ರೆ 23 ಕೆಜಿಯ ಸೂಟ್‌ಕೇಸಲ್ಲಿ ಮೂರೂ ಕೂರುತ್ತವೆ. ಅಮ್ಮ ತರಿಸೋ ಬಾದಾಮಿಗೂ ಅದರಲ್ಲೇ ಒಂದಿಷ್ಟು ಜಾಗ ಉಳಿಯುತ್ತೆ.