ಚಿನ್ನದ ಊರಿನಲ್ಲಿ ಯಾವುದನ್ನು ಉಳಿಸಬೇಕು?

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಂದಿನಿಂದ ಆ ಗಣಿಯ ಊರು ಕೆಜಿಎಫ್ ಅನ್ನು ಪ್ರವಾಸಿ ತಾಣ ಮಾಡಬೇಕೆಂಬ ಮಾತು ಆಗಾಗ ಏಳುತ್ತಲೇ ಇದೆ. ಅದೇ ಹೆಸರಿನ ಎರಡು ಸಿನಿಮಾ ಬಂದ ಮೇಲೆ ಅದು ಇನ್ನಷ್ಟು ಜೋರಾಗಿದೆ. ಆದರೆ ಪ್ರತಿಸಲವೂ ಮುಂದಿಡುವ ಪಟ್ಟಿ ಹೆಚ್ಚುಕಡಿಮೆ ಒಂದೇ: ಕೆಜಿಎಫ್ ಕ್ಲಬ್ಬು, ಗಾಲ್ಫ್ ಮೈದಾನ, ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳು, ಹಳೆಯ ಚರ್ಚುಗಳು, ಜೊತೆಗೆ ಹತ್ತಿರದ ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಾಲಯ. ಊರಿಗೆ ಹಿಂದೆ ಅಂಟಿದ್ದ 'ಲಿಟಲ್ ಇಂಗ್ಲೆಂಡ್' ಎಂಬ ಅಡ್ಡಹೆಸರನ್ನೇ ಈಗಲೂ ಹೆಮ್ಮೆಯಿಂದ ಬಳಸುತ್ತಾರೆ. ಈ ಪಟ್ಟಿಯಲ್ಲಿ ಗಣಿಯೂ ಇಲ್ಲ, ಗಣಿಗೆ ಇಳಿದವರೂ ಇಲ್ಲ. ಬಂಗಲೆಗಳನ್ನು ಉಳಿಸಬಾರದೆಂದಲ್ಲ. ಆದರೆ ಈ ಊರನ್ನು ಬೇರೆ ಊರುಗಳಿಂದ ಬೇರೆ ಮಾಡುವುದು ಕಾರ್ಮಿಕರು ಸಾಲುಸಾಲಾಗಿ ವಾಸಿಸಿದ ಲೈನ್ ಮನೆಗಳು, ಗಣಿಗೆ ಇಳಿಯುವ ಶಾಫ್ಟ್‌ಗಳ ಮೇಲೆ ನಿಂತ ಹೆಡ್‌ಗೇರ್ ಗೋಪುರಗಳು, ಗಣಿಯ ಆಸ್ಪತ್ರೆ ಮತ್ತು ಅಲ್ಲಿ ದುಡಿದವರ ದಾಖಲೆಗಳು. ಉಳಿಸುವ ಕೆಲಸ ಇವುಗಳಿಂದಲೇ ಶುರುವಾಗಬೇಕು.

ಮೈಸೂರಿನ ಪೂರ್ವದ ಗಡಿ ಅಳೆಯಲು 1802ರಲ್ಲಿ ಬಂದ ಲೆಫ್ಟಿನೆಂಟ್ ಜಾನ್ ವಾರೆನ್, ಊರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ದಾಖಲಿಸಿದ. ಎಂದರೆ ಇಲ್ಲಿನ ಚಿನ್ನವನ್ನು ಯಾವ ಯುರೋಪಿಯನ್ನನೂ 'ಕಂಡುಹಿಡಿಯಲಿಲ್ಲ'. ಅದು ಇಲ್ಲಿನವರಿಗೆ ಗೊತ್ತೇ ಇತ್ತು. ನ್ಯೂಜಿಲೆಂಡಿನ ಯುದ್ಧದಿಂದ ಮರಳಿದ ಐರಿಶ್ ಸೈನಿಕ ಲವೆಲ್ 1870ರ ದಶಕದಲ್ಲಿ ಪರವಾನಗಿ ಪಡೆದ. 1880ರ ಹೊತ್ತಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು, ಅಲ್ಲಿಂದ ಲಾಭ ಲಂಡನ್ನಿಗೆ ಹರಿಯಿತು. ಮೈಸೂರು ಸರ್ಕಾರಕ್ಕೆ ಸಿಕ್ಕಿದ್ದು ರಾಜಧನ. ಅದೂ ಸಣ್ಣ ಆದಾಯವಾಗಿರಲಿಲ್ಲ. ಈ ಗಣಿಗಳಿಗೆ ಶಕ್ತಿ ಒದಗಿಸಲೆಂದೇ ಶಿವನಸಮುದ್ರದ ಜಲವಿದ್ಯುತ್ ಯೋಜನೆ ಹುಟ್ಟಿತು. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ತಂತಿಯಲ್ಲಿ ವಿದ್ಯುತ್ ಕೆಜಿಎಫ್ ತಲುಪಿತು. ಬೆಂಗಳೂರಿನ ವಿದ್ಯುತ್ ಬೀದಿದೀಪ ಹೊತ್ತಿದ್ದು ಅದಾದ ಮೂರು ವರ್ಷಕ್ಕೆ. ಆಧುನಿಕ ಕರ್ನಾಟಕದ ಕಥೆ ಹೇಳುವವರು ಈ ಯೋಜನೆಗಾಗಿ ದಿವಾನ ಶೇಷಾದ್ರಿ ಅಯ್ಯರ್ ಅವರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ಆ ವಿದ್ಯುತ್ತಿಗೆ ಗಿರಾಕಿ ಹುಟ್ಟಿದ್ದು ಪಾತಾಳದಲ್ಲಿ ಬಂಡೆ ಒಡೆಯುತ್ತಿದ್ದವರ ದುಡಿಮೆಯಿಂದ ಎಂಬುದು ಆ ಕಥೆಯಲ್ಲಿ ಬರುವುದೇ ಅಪರೂಪ.

ಆ ದುಡಿಮೆಯವರು ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ ಬಂದ ದಲಿತರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಆ ಆಳದಲ್ಲಿ ಬಂಡೆಯೇ ಸುಡುತ್ತದೆ. ಮೇಲಿನ ಭಾರ ತಾಳದೆ ಒಮ್ಮೆಗೇ ಸಿಡಿಯುತ್ತದೆ. ಈ ಬಂಡೆ ಸಿಡಿತ ಎಷ್ಟು ಗಂಭೀರವಾಗಿತ್ತೆಂದರೆ, ದೇಶದ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಸ್ಥಾಪನೆಯಾಯಿತು. ಇನ್ನೊಂದು ಸಾವು ಸದ್ದಿಲ್ಲದ್ದು. 1940ರಿಂದ 1946ರವರೆಗೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ 3,402 ಮಂದಿಯ ಶ್ವಾಸಕೋಶದಲ್ಲಿ ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಕಂಡಿತು, ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು. ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಕೋಲಾರದ ಸಿಲಿಕೋಸಿಸ್ ಬಗ್ಗೆ ಪಠ್ಯಪುಸ್ತಕದಲ್ಲಿ ಓದುತ್ತಾರೆ. ಕೆಜಿಎಫ್‌ಗೆ ಹೋದ ಪ್ರವಾಸಿಗೆ ಅದನ್ನು ಹೇಳುವವರಿಲ್ಲ. ಈ ಜನ ಬರೀ ನೊಂದವರೂ ಅಲ್ಲ. ಕಳ್ಳರಂತೆ ಬೆರಳಚ್ಚು ಕೊಡಬೇಕೆಂದಾಗ 1930ರಲ್ಲಿ ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಅಂಬೇಡ್ಕರ್ ಬೌದ್ಧರಾಗುವುದಕ್ಕೆ ದಶಕಗಳ ಮೊದಲೇ ದಲಿತ ಚಿಂತಕ ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಇಲ್ಲಿ ಬೇರೂರಿತ್ತು. 1954ರಲ್ಲಿ ಸ್ವತಃ ಅಂಬೇಡ್ಕರ್ ಇಲ್ಲಿಗೆ ಬಂದಿದ್ದರು. ಇದೇ ಗಣಿಯ ಆಳದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳ ಜೊತೆ ವಾತಾವರಣದ ನ್ಯೂಟ್ರಿನೊಗಳನ್ನು ಗುರುತಿಸಿದರು. ಇಷ್ಟೆಲ್ಲ ಇರುವ ಊರಿಗೆ ಗಾಲ್ಫ್ ಮೈದಾನ ತೋರಿಸಿ ಜನರನ್ನು ಕರೆಯುವ ಅಗತ್ಯವಿದೆಯೇ?

ದುಡಿದವರ ನೋವು ನೋಡಲು ಯಾರು ಬರುತ್ತಾರೆ ಎಂದು ಕೇಳುವವರು ಇಂಡೋನೇಷ್ಯಾದ ಸಾವಾಲುಂಟೋ ಕಡೆ ನೋಡಬೇಕು. ಡಚ್ಚರು ಕಟ್ಟಿದ ಆ ಕಲ್ಲಿದ್ದಲು ಪಟ್ಟಣದಲ್ಲಿ ಕೈದಿಗಳನ್ನು ಸರಪಳಿ ಹಾಕಿ ದುಡಿಸಿದ್ದರು. ಗಣಿಗಾರಿಕೆ ಇಳಿಮುಖವಾದಾಗ ಆ ಊರಿನವರು ಸರಪಳಿಯ ಕಥೆಯನ್ನು ಮುಚ್ಚಿಡಲಿಲ್ಲ. ಹಳೆಯ ಸುರಂಗವೊಂದನ್ನು ಸುರಕ್ಷಿತಗೊಳಿಸಿ ತೆರೆದರು. ಕಾರ್ಮಿಕರಿಗೆ ಅಡುಗೆ ಬೇಯುತ್ತಿದ್ದ ದೊಡ್ಡ ಪಾಕಶಾಲೆಯನ್ನು ವಸ್ತುಸಂಗ್ರಹಾಲಯ ಮಾಡಿದರು. 2019ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕೆಜಿಎಫ್‌ಗೆ ಪರಿಣತ ಗಣಿಗಾರರನ್ನು ಕಳಿಸಿದ ಇಂಗ್ಲೆಂಡಿನ ಕಾರ್ನ್‌ವಾಲ್ 2006ರಲ್ಲೇ ಆ ಪಟ್ಟಿಗೆ ಸೇರಿದೆ. ಆ ಪರಂಪರೆಯ ಇನ್ನೊಂದು ತುದಿ ಇರುವುದು ನಮ್ಮಲ್ಲಿ.

ಆಕ್ಷೇಪಗಳಿವೆ, ಅವು ಹಗುರವೂ ಅಲ್ಲ. ಮೊದಲನೆಯದು ಹೊಟ್ಟೆಪಾಡಿನದು. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಜನರಿಗೆ ಬೇಕಾದದ್ದು ಕೆಲಸ, ಮ್ಯೂಸಿಯಂ ಅಲ್ಲ ಎನ್ನುತ್ತಾರೆ. ನಿಜ, ಪ್ರವಾಸೋದ್ಯಮ ಗಣಿಯಷ್ಟು ಜನರಿಗೆ ಕೆಲಸ ಕೊಡಲಾರದು, ಕೊಡುತ್ತದೆಂದು ನಂಬಿಸುವುದು ಅನ್ಯಾಯ. ಕಾರ್ಖಾನೆ ಬರಲಿ, ಮನೆಗಳ ಹಕ್ಕುಪತ್ರದ ಹಳೆಯ ಬೇಡಿಕೆಯೂ ಈಡೇರಲಿ. ಲೈನ್ ಮನೆಯನ್ನು ಪರಂಪರೆ ಎಂದು ಗುರುತಿಸುವುದು ಅಲ್ಲಿ ವಾಸವಿರುವವರನ್ನು ಎಬ್ಬಿಸುವ ನೆಪವಾಗಬಾರದು. ಖಾಲಿ ಬಿದ್ದ ಒಂದೆರಡು ಸಾಲು ಉಳಿಸಿದರೂ ಸಾಕು. ಎರಡನೆಯದು ಸುರಕ್ಷತೆ. ಶಾಫ್ಟ್‌ಗಳಲ್ಲಿ ನೀರು ತುಂಬಿದೆ, ಯಾರನ್ನೂ ಕೆಳಗಿಳಿಸುವ ಮಾತೇ ಇಲ್ಲ. ಹೆಡ್‌ಗೇರ್, ವೈಂಡಿಂಗ್ ಯಂತ್ರಗಳು ನೆಲದ ಮೇಲೇ ಇವೆ. ಕೆಳಗಿಳಿಯದೆ ನೋಡಲು ಪೆದ್ದಪಲ್ಲಿಯಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ಜ್ವಾಲಾಮುಖಿ ಶಿಲೆಗಳೂ ಇವೆ. ಇನ್ನೊಂದು ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ: ಇದು ತಮಿಳರ ಊರು, ನಮಗೇಕೆ ಎಂಬ ಉದಾಸೀನ. ನಾಲ್ಕೈದು ತಲೆಮಾರು ಈ ನೆಲದಲ್ಲಿ ಹುಟ್ಟಿ, ಇದೇ ನೆಲದ ಕೆಳಗೆ ಸತ್ತವರು ಕರ್ನಾಟಕದವರಲ್ಲದಿದ್ದರೆ ಬೇರೆ ಎಲ್ಲಿಯವರು? ಅವರು ತೆಗೆದ ಚಿನ್ನದ ರಾಜಧನವನ್ನು ಈ ರಾಜ್ಯ ತನ್ನದೆಂದು ಉಂಡಿದೆ.

ಈಗ ಅವಸರಕ್ಕೆ ಕಾರಣವಿದೆ. ಗಣಿಯ ತ್ಯಾಜ್ಯ ಸುರಿದು ಬೆಳೆದ 13 ಸೈನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆ, ಅದರಲ್ಲಿ ಇನ್ನೂ ಚಿನ್ನವಿದೆ. ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಗಾಳಿ ಬೀಸಿದಾಗ ಊರಿನ ಮೇಲೆ ದೂಳೆರಚುವ ದಿಬ್ಬಗಳನ್ನು ಹಾಗೇ ಉಳಿಸಿ ಎಂದು ಯಾರೂ ಕೇಳಲಾರರು. ಕೇಳಬೇಕಾದದ್ದು ಚಿನ್ನ ತೆಗೆಯುವ ಟೆಂಡರಿನಲ್ಲಿ ಒಂದು ಷರತ್ತು. ಯಂತ್ರಗಳು ಒಳಗೆ ಬರುವ ಮೊದಲು ಹೆಡ್‌ಗೇರ್‌ಗಳನ್ನೂ ಲೈನ್ ಮನೆಗಳನ್ನೂ ಅಳೆದು ದಾಖಲಿಸಬೇಕು, ಗುಜರಿಗೆ ಹೋಗಬಾರದವುಗಳ ಪಟ್ಟಿ ಮಾಡಬೇಕು. ಹಾಜರಿ, ಅಪಘಾತ, ಪರಿಹಾರದ ಕಡತಗಳಲ್ಲಿ ಉಳಿದಷ್ಟನ್ನು ರಾಜ್ಯ ಪತ್ರಾಗಾರಕ್ಕೆ ಸೇರಿಸಬೇಕು. ಗಣಿ ಮುಚ್ಚುವಾಗ ನಲವತ್ತರ ಪ್ರಾಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಅವರ ಮಾತನ್ನು ತಮಿಳು, ತೆಲುಗು, ಕನ್ನಡ ಯಾವುದರಲ್ಲೇ ಆಗಲಿ ಧ್ವನಿಮುದ್ರಿಸಲು ದೊಡ್ಡ ಹಣ ಬೇಕಿಲ್ಲ. ಕೋಲಾರದ ವಿಶ್ವವಿದ್ಯಾಲಯವೊಂದರ ಇತಿಹಾಸ ವಿಭಾಗ ಈ ವರ್ಷವೇ ಆರಂಭಿಸಬಹುದಾದ ಕೆಲಸ ಅದು, ಟೆಂಡರ್ ಮುಗಿಯುವವರೆಗೆ ಕಾಯಬೇಕಾಗಿಲ್ಲ.