ಅಂಗಡಿ ಕಟ್ಟೆ ಮೇಲೆ ಮಲಗಿದವರನ್ನು ಎಬ್ಬಿಸುವ ಮುನ್ನ

ಬೆಳಿಗ್ಗೆ ಶಟರ್ ತೆಗೆಯಲು ಹೋದರೆ ಕಟ್ಟೆ ಮೇಲೆ ಯಾರೋ ಮಲಗಿರ್ತಾರೆ. ನೀರು ಚೆಲ್ಲಿ ಎಬ್ಬಿಸಿದರೆ ಪಕ್ಕದ ಅಂಗಡಿ ಕಟ್ಟೆಗೆ ಹೋಗ್ತಾರೆ, ಅಷ್ಟೇ. ಹತ್ತು ರೂಪಾಯಿ ಕೊಟ್ಟು ಸುಮ್ಮನಾದರೂ ರಾತ್ರಿ ಮತ್ತೆ ಅದೇ ಕಟ್ಟೆ.

ಮೊದಲು ಹೆಸರು, ಊರು ಕೇಳಿ. ವೃದ್ಧರಾದರೆ 14567ಕ್ಕೆ, ಮಕ್ಕಳಾದರೆ 1098ಕ್ಕೆ ಫೋನ್ ಮಾಡಿ. ಮಾನಸಿಕ ಅಸ್ವಸ್ಥರು ಅಲೆಯುತ್ತಿದ್ದರೆ 112. ಅಂಥವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪೊಲೀಸರ ಕರ್ತವ್ಯ. ಲಾಕಪ್‌ಗೆ ಹಾಕುವಂತಿಲ್ಲ.

ಇನ್ನು ದುಡ್ಡಿನ ವಿಚಾರ. ನಾವು ಕಟ್ಟುವ ಆಸ್ತಿ ತೆರಿಗೆ ಮೇಲೆ ಶೇ 3ರಷ್ಟು ಭಿಕ್ಷುಕರ ಕರ ಇದೆ. ರಸೀದಿ ತೆಗೆದು ನೋಡಿ. ರಾಜ್ಯದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಿರಾಶ್ರಿತರಿಗೆಂದೇ ವಸೂಲಾಗುವ ಹಣ ಇದು. ಪುರಸಭೆ ಇದನ್ನು ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು. ಕಟ್ಟಿದೆಯಾ? ನಮ್ಮೂರಲ್ಲಿ ಮನೆ ಇಲ್ಲದವರಿಗೆ ರಾತ್ರಿ ತಂಗಲು ಜಾಗ ಎಲ್ಲಿದೆ? ತೆರಿಗೆ ಕಟ್ಟುವ ನಾವೇ ಕೇಳಬೇಕು.

ಒಬ್ಬರು ಹೋಗಿ ಕೇಳಿದರೆ ‘ನಾಳೆ ಬನ್ನಿ’ ಅಂತಾರೆ. ವರ್ತಕರೆಲ್ಲ ಸೇರಿ ಸಹಿ ಹಾಕಿ ಅರ್ಜಿ ಕೊಟ್ಟರೆ ಹಾಗನ್ನೋದು ಕಷ್ಟ.