ರೋಗಾಣು ಮೊದಲೋ, ಉಣ್ಣಿ ಮೊದಲೋ?

ಆಫ್ರಿಕದ ದನ, ಕುರಿ, ಮೇಕೆಗಳನ್ನು ಕೊಲ್ಲುವ ‘ಹಾರ್ಟ್‌ವಾಟರ್’ ರೋಗದಲ್ಲಿ ಹೃದಯದ ಸುತ್ತಣ ಚೀಲದಲ್ಲಿ ನೀರು ತುಂಬುವುದುಂಟು. ಇದನ್ನು ಹರಡುವುದು ಉಣ್ಣಿಯೆಂದು ಕೀಟವಿಜ್ಞಾನಿ ಲೌನ್ಸ್‌ಬರಿ 1900ರಲ್ಲಿ ದಕ್ಷಿಣ ಆಫ್ರಿಕದಲ್ಲಿ ತೋರಿಸಿದನು. ರೋಗಕಾರಕ ಬ್ಯಾಕ್ಟೀರಿಯವನ್ನು ಕೌಡ್ರಿ ಗುರುತಿಸಿದುದು 1925ರಲ್ಲಿ. ನಡುವಣ 25 ವರ್ಷಗಳನ್ನು ನಾವು ಅಜ್ಞಾನದ ಕಾಲವೆಂದು ಎಣಿಸಲಾರೆವು. ಎಳೆಯದಾಗಿದ್ದಾಗ ರೋಗದ ಪ್ರಾಣಿಯ ರಕ್ತ ಹೀರಿದ ಉಣ್ಣಿಯು ಪೊರೆ ಕಳಚಿದ ಮೇಲೆ ಮತ್ತೊಂದು ಪ್ರಾಣಿಗೆ ರೋಗವನ್ನು ಅಂಟಿಸುತ್ತದೆ. ಇಷ್ಟು ತಿಳಿದರೆ, ರೋಗಾಣುವನ್ನು ಕಾಣದೆಯೂ ದನಗಳನ್ನು ಔಷಧದ ತೊಟ್ಟಿಯಲ್ಲಿ ಮುಳುಗಿಸಿ ಉಣ್ಣಿಗಳನ್ನು ಕೊಲ್ಲಬಹುದು. ಭೌತವಿಜ್ಞಾನ ಬೋಧಿಸುವ ನಮಗೂ ಅನಿಸುವುದಿಷ್ಟು: ವಿದ್ಯಾರ್ಥಿಗಳು ಸೂಕ್ಷ್ಮದರ್ಶಕಕ್ಕೆ ಮುನ್ನ ಕೊಟ್ಟಿಗೆಗೆ ಹೋಗಿ ದನದ ಕಿವಿಯನ್ನು ನೋಡಲಿ. ಆದರೆ ವಿಷವೊಂದನ್ನೇ ನೆಚ್ಚುವುದು ನಮಗೆ ಒಪ್ಪಿಗೆಯಿಲ್ಲ. ಅದನ್ನು ತಾಳಿಕೊಳ್ಳಬಲ್ಲ ಉಣ್ಣಿಗಳೇ ಬದುಕುಳಿದು ಸಂತಾನ ಬೆಳೆಸುತ್ತವೆ.